ತುಟಿ ಒಡೆದ ಬೀಗರು

ಚಳಿಗಾಲದಲ್ಲಿ ತುಟಿ ಒಡೆದವನಿಗೆ ಉಪಚಾರ ಹೇಳದ ಮನುಷ್ಯ ಈ ಭೂಮಿಯ ಮೇಲಿಲ್ಲ. ಕಬನೂರಿನ ನಮ್ಮ ಓಣಿಯಲ್ಲಂತೂ ಮನೆಗೊಬ್ಬ ವೈದ್ಯ. ಒಬ್ಬರು ಬೆಣ್ಣೆ ಹಚ್ಚು ಎಂದರೆ, ಇನ್ನೊಬ್ಬರು ಹೊಕ್ಕುಳಿಗೆ ಎಣ್ಣೆ ಬಿಡು ಎನ್ನುತ್ತಾರೆ. ಹೊಕ್ಕುಳಿಗೂ ತುಟಿಗೂ ಏನು ನೆಂಟಸ್ತನವೋ ತಿಳಿಯದೆಯೇ ಎಣ್ಣೆ ಬಿಟ್ಟುಕೊಂಡು ಅಂಗಿ ಕೆಡಿಸಿಕೊಂಡಿದ್ದೇನೆ. ನೀರು ಕುಡಿಯಬೇಕು, ತುಟಿ ನೆಕ್ಕಬಾರದು ಎಂಬ ಡಾಕ್ಟರ ಮಾತೊಂದೇ ಸರಿ ಎನಿಸಿತು. ಆದರೆ ನೆಕ್ಕಬಾರದು ಎಂದ ಗಳಿಗೆಯಿಂದ ನನ್ನ ನಾಲಿಗೆಗೆ ಬೇರೆ ಕೆಲಸವೇ ಉಳಿಯಲಿಲ್ಲ.

ನನ್ನ ತುಟಿಗೆ ಚಳಿಗಿಂತ ದೊಡ್ಡ ವೈರಿ ನಾನು ಕೂಲಿಗೆ ನಡೆಸುವ ಮಗ್ಗ. ನಮ್ಮೂರ ಪಕ್ಕದ ಇಚಲಕರಂಜಿಯ ಹಳೆಯ ಮಗ್ಗಗಳಲ್ಲಿ ಲಾಳಿಯೊಳಗಿನ ನೂಲು ಮುಗಿದಾಗಲೆಲ್ಲ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಎಳೆಯನ್ನು ಸುರ್ರೆಂದು ಹೀರಿ ಹೊರಗೆ ತೆಗೆಯುತ್ತೇವೆ. ಅದಕ್ಕೆಂದೇ ಮಾಲಕರು ಕೊಟ್ಟ ತಂತಿಯ ಕೊಕ್ಕೆ ಗೋಡೆಯ ಮೊಳೆಗೆ ನೇತಾಡುತ್ತಿದೆ. ಬಾಯಿಯ ಚುರುಕು ಅದಕ್ಕೆಲ್ಲಿ ಎಂಬುದು ನಮ್ಮ ಜಂಬ. ತುಟಿಗೆ ಬೆಣ್ಣೆ ಹಚ್ಚಿಕೊಂಡು ಹೋದರೆ ಅದು ನೂಲಿಗೆ, ನೂಲಿನಿಂದ ಬಟ್ಟೆಗೆ, ಬಟ್ಟೆಯಿಂದ ಮಾಲಕರ ಕಣ್ಣಿಗೆ. ಹೀಗಾಗಿ ನನ್ನ ತುಟಿ ಹಳೆಯ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿತ್ತು.

ಇಂಥ ಹೊತ್ತಿನಲ್ಲೇ ಮಗಳು ಸವಿತಾಳನ್ನು ನೋಡಲು ಪಕ್ಕದ ಕೊರೋಚಿ ಊರಿನವರು ಬರುವುದೆಂದಾಯಿತು. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿತ್ತು. ಈ ಸಂಬಂಧ ತಪ್ಪಬಾರದೆಂದು ನನ್ನ ಜೀವ ಹೊಯ್ದಾಡುತ್ತಿತ್ತು. ನಗಲು ಹೋದರೆ ತುಟಿ ಸೀಳಿ ರಕ್ತ ಬರುತ್ತದೆ. ಮುಖ ಗಂಟು ಹಾಕಿಕೊಂಡ ಮಾವ ಯಾರಿಗೆ ಬೇಕು ಎಂದು ಗೋಳಾಡಿದೆ. ಹೆಂಡತಿ, "ಸುಮ್ನ ಕುಂದರ್ರಿ. ನೀವು ಬಾಯಿ ತೆಗದ್ರನ ನನಗ ಭಾಳ ಅಂಜಿಕಿ," ಎಂದಳು.

ಬಂದರು. ಹುಡುಗನ ತಂದೆ ಶಿವಪ್ಪನವರು ನನ್ನೆದುರು ಕುಳಿತರು. ನಾನು ಬಾಯಿ ಬಿಗಿದು ಕೈ ಮುಗಿದೆ. ಅವರೂ ಬಾಯಿ ಬಿಗಿದೇ ಕೈ ಮುಗಿದರು. ನಾನು 'ಹೂಂ' ಎಂದರೆ ಅವರೂ 'ಹೂಂ'. ಎಷ್ಟು ಸೊಕ್ಕಪ್ಪಾ ಈ ಮನುಷ್ಯನಿಗೆ, ನಮ್ಮ ಮನೆ ಹಿಡಿಸಲಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಸವಿತಾ ನಿಂಬೆಹಣ್ಣು ಹಿಂಡಿದ ಒಗ್ಗರಣೆ ಅವಲಕ್ಕಿ ತಂದಳು. ಮರ್ಯಾದೆಗೆ ಇಬ್ಬರೂ ಒಂದೊಂದು ತುತ್ತು ಬಾಯಿಗಿಟ್ಟೆವು. ಇಬ್ಬರ ಕಣ್ಣಲ್ಲೂ ಒಟ್ಟಿಗೇ ನೀರು ಬಂತು.

"ಅಯ್ಯ, ಮಗಳ್ನ ಕಳಸೂದು ನೆನಿಸ್ಕೊಂಡು ಅಳಾಕತ್ತಾರ ನೋಡ್ರಿ," ಎಂದರು ಹುಡುಗನ ತಾಯಿ, ನನ್ನ ಕಡೆ ನೋಡಿ. ಅವರ ಗಂಡ ಯಾಕೆ ಅಳುತ್ತಿದ್ದರೋ ಅದನ್ನು ಅವರು ಹೇಳಲಿಲ್ಲ. ಶಿವಪ್ಪನವರು ನನ್ನ ತುಟಿಯನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ ನನ್ನತ್ತ ಬಾಗಿ, "ನೀವೂ ಬಾಯಿಲೇನ ನೂಲು ಎಳೀತೀರೇನ್ರಿ?" ಎಂದು ಕೇಳಿದರು.

"ಹೌದ್ರಿ."

"ಮತ್ತ ಕೊಕ್ಕಿ?"

"ಗ್ವಾಡಿಗೆ ಐತ್ರಿ."

"ನಮ್ಮದೂ ಅಲ್ಲೇ ಐತ್ರಿ!"

ನಗು ತಡೆಯಲಾಗಲಿಲ್ಲ. ಒಡೆದರೆ ಒಡೆಯಲಿ ಎಂದು ಇಬ್ಬರೂ ತುಟಿ ಹಿಡಿದುಕೊಂಡೇ ನಕ್ಕೆವು. ಹೆಂಡತಿ ಬೆಣ್ಣೆಯ ಬಟ್ಟಲು ತಂದು ನಡುವೆ ಇಟ್ಟಳು. ಸಕ್ಕರೆ ಹಂಚುವ ಮೊದಲೇ ಬೆಣ್ಣೆ ಹಂಚಿಕೊಂಡ ಬೀಗರು ನಾವೇ ಇರಬೇಕು.

ಮದುವೆ ವೈಶಾಖಕ್ಕೆ ನಿಶ್ಚಯವಾಯಿತು. ಹೊರಡುವಾಗ ಹುಡುಗನ ತಾಯಿ ನನ್ನ ಹೆಂಡತಿಗೆ, "ನಿಮ್ಮ ಮನ್ಯಾರು ಮಾತು ಭಾಳ ಕಮ್ಮಿ. ಇಂಥಾ ಬೀಗರ ಸಿಗಬೇಕ್ರಿ," ಎಂದರಂತೆ. ಕೊಕ್ಕೆಯನ್ನು ಗೋಡೆಯಿಂದ ಇಳಿಸಿದ ಮೇಲೆ ತುಟಿ ಕೆಲವೇ ದಿನಗಳಲ್ಲಿ ವಾಸಿಯಾಯಿತು. ಆದರೂ ಕೊರೋಚಿಯಿಂದ ಫೋನು ಬಂದಾಗಲೆಲ್ಲ ಹೆಂಡತಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, "ಅವರ ತುಟಿ ಇನ್ನೂ ಆರಾಮಾಗಿಲ್ರಿ," ಎನ್ನುತ್ತಾಳೆ. ಮಗಳ ಕೊರಳಿಗೆ ತಾಳಿ ಬೀಳುವವರೆಗೆ ಆರಾಮಾಗುವ ಲಕ್ಷಣವೂ ಇಲ್ಲ.