ಹಾಳೆ ಟೋಪಿಯ ಗೂಢಾರ್ಥ

ಈ ಸಂಗತಿಯನ್ನು ಹೇಳಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಹೈಸ್ಕೂಲಿಗೇ ಓದು ನಿಲ್ಲಿಸಿದವನು ಕಲಾತ್ಮಕ ಸಿನಿಮಾದ ಬಗ್ಗೆ ಏನು ಬರೆಯುವುದು ಎಂದು ಮುಂದೂಡುತ್ತ ಬಂದೆ. ಆದರೆ ಮೊನ್ನೆ ಸಾಗರದಲ್ಲಿ ಆ ಹಳೆಯ ಪ್ರೇಮಚಿತ್ರವನ್ನು ಮತ್ತೆ ತೋರಿಸಿದರು. ಕಾಲೇಜಿನ ಮೇಷ್ಟ್ರೊಬ್ಬರು ಅದರ ಗುಪ್ತ ಸಂಕೇತಗಳನ್ನೆಲ್ಲ ಬಿಡಿಸಿ ಹೇಳಿದರು.

"ಗಮನಿಸಿ, ಪ್ರೇಮಿಗಳ ಜೊತೆ ಲಾಂಚ್ ಹತ್ತುವ ಅಡಿಕೆ ಹಾಳೆ ಟೋಪಿಯವನೇ ಬೇರೆ, ಆಚೆ ದಡದಲ್ಲಿ ಇಳಿಯುವವನೇ ಬೇರೆ. ನೀರು ದಾಟುವಷ್ಟರಲ್ಲಿ ಮನುಷ್ಯ ಬದಲಾಗುತ್ತಾನೆ! ಇಳಿದವನು ಕ್ಯಾಮೆರಾ ನೋಡಿ ನಗುತ್ತಾನೆ. ಅಂದರೆ, ತಾನು ಸಿನಿಮಾ ಎಂದು ಸಿನಿಮಾವೇ ನಮಗೆ ಹೇಳುತ್ತಿದೆ!"

ಸಭೆ ಚಪ್ಪಾಳೆ ತಟ್ಟಿತು. ನನ್ನ ಹೆಂಡತಿ ಮೊಣಕೈಯಿಂದ ತಿವಿದಳು. "ಅದು ನೀವಲ್ವಾ? ಹಲ್ಲು ಕಿರ್ದಿದ್ ನೋಡಿದ್ರೇ ಗೊತ್ತಾಗ್ತದೆ."

ನಾನೇ. ಲಾಂಚ್ ಹೊರಡುವ ಹೊಳೆಬಾಗಿಲಿನಲ್ಲಿ ಶೂಟಿಂಗ್ ನಡೆದಾಗ ನಿರ್ದೇಶಕರು ಆರಿಸಿದ್ದು ನನ್ನ ಗೆಳೆಯನನ್ನು. ಮೊದಲ ದಿನ ಅವನು ಹತ್ತುವುದನ್ನು ಹಿಂದಿನಿಂದ ತೆಗೆದರು. ಇಳಿಯುವಾಗಿನ ಮುಖ ಮರುದಿನಕ್ಕೆ ಉಳಿಯಿತು. ಅವನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. "ಅವಳನ್ನ ಟಾಕೀಸಿಗೆ ಕರ್ಕೊಂಡ್ ಹೋಗಿ ನನ್ ಮುಖ ತೋರಿಸ್ತೀನಿ ಮಾರಾಯಾ" ಎಂದು ಊರೆಲ್ಲ ಸಾರಿದ್ದ. ನನಗೆ ಹೊಟ್ಟೆಯುರಿ. ಬೆಳಿಗ್ಗೆ ಅವನಿಗೆ, "ಶೂಟಿಂಗ್ ಮಾಸ್ತಿಕಟ್ಟೆಗೆ ಹೋಯ್ತಂತೆ, ಬೇಗ ಹೊರಡು" ಎಂದೆ. ಪಾಪ, ಓಡಿಹೋಗಿ ಬಸ್ಸು ಹತ್ತಿದ. ಶೂಟಿಂಗಿನವರ ಬಳಿಯಿದ್ದ ಅವನ ಟೋಪಿ ಹಾಕಿಕೊಂಡು ಅವನ ಜಾಗದಲ್ಲಿ ನಾನು ನಿಂತೆ. ಸಹಾಯಕ ನಿರ್ದೇಶಕರು ನಿನ್ನೆಯ ಟೋಪಿ ಇವತ್ತೂ ಇದೆಯೇ ಎಂದಷ್ಟೇ ನೋಡಿದರು, ಅದರ ಕೆಳಗಿನ ತಲೆ ಯಾರದೆಂದು ಕೇಳಲಿಲ್ಲ.

"ಕ್ಯಾಮೆರಾ ನೋಡ್ಬೇಡಿ!" ಎಂದು ಕೂಗಿದ್ದರು. ಮುಖ ಕಾಣದಿದ್ದರೆ ಅಷ್ಟು ದೊಡ್ಡ ಸುಳ್ಳು ಹೇಳಿ ಏನು ಬಂತು? ಟೋಪಿ ಹಿಂದಕ್ಕೆ ತಳ್ಳಿ ನಕ್ಕೆ. ಫಿಲಂ ಮುಗಿದು ಮತ್ತೆ ತೆಗೆಯಲಾಗದ್ದರಿಂದ ನನ್ನ ಹಲ್ಲುಗಳು ಶಾಶ್ವತವಾದವು.

ತೀರ್ಥಹಳ್ಳಿಯ ಟಾಕೀಸಿನಲ್ಲಿ ಗೆಳೆಯ ಹೊಸ ಹೆಂಡತಿಗೆ ತೋರಿಸಿದ್ದು ತನ್ನ ಬೆನ್ನು. "ಮುಖ ಎಲ್ರೀ?" ಎಂದು ಅವಳು ಕೇಳುವಷ್ಟರಲ್ಲಿ ಪರದೆ ತುಂಬ ನಾನು. ಅವನು ಜಗಳವಾಡಲಿಲ್ಲ, ಮಾತು ಬಿಟ್ಟ. ಕ್ಷಮೆ ಕೇಳಲು ಅವನಿದ್ದ ಆಚೆ ದಡಕ್ಕೆ ಹೋಗಬೇಕಿತ್ತು. ನನಗೆ ಯಾವಾಗಲೂ ಲಾಂಚ್ ತಪ್ಪುತ್ತಿತ್ತು. ಈಗ ಸೇತುವೆ ಕಟ್ಟಿ ಸರ್ಕಾರ ಆ ನೆಪವನ್ನೂ ಕಿತ್ತುಕೊಂಡಿದೆ.

ಮೇಷ್ಟ್ರಿಗೆ ನಿಜ ಹೇಳೋಣವೆಂದೇ ಎದ್ದೆ. ಅವರು ಗುರುತು ಹಿಡಿದು, "ಆ ಕಲಾವಿದರು ಇಲ್ಲೇ ಇದ್ದಾರೆ! ಆ ನಗೆಯ ಅರ್ಥ ನೀವೇ ಹೇಳಿ ಸಾರ್" ಎಂದು ಶಾಲು ಹೊದಿಸಿದರು. ಶಾಲು ಬೆಚ್ಚಗಿತ್ತು. "ನಿರ್ದೇಶಕರ ದೃಷ್ಟಿ ದೊಡ್ಡದು" ಎಂದು ಕುಳಿತುಬಿಟ್ಟೆ.

ಬಸ್ಸಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಮುಂದಿನ ವಾರ ಹೊಸನಗರದಲ್ಲೂ ತೋರಿಸ್ತಾರಂತೆ. ಅಲ್ಲೂ ನೀವೊಬ್ರೇ ಶಾಲು ಹೊದ್ಕೊಂಡ್ ಬರ್ತೀರಾ?" ಎಂದಳು.

ಇಲ್ಲ. ನಾಳೆ ಹೊಳೆಯಾಚೆ ಹೋಗುತ್ತೇನೆ, ಗೆಳೆಯ ಬಾಗಿಲು ತೆಗೆದರೆ ಹೊಸನಗರಕ್ಕೆ ಅವನನ್ನೂ ಜೊತೆಗೇ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಮತ್ತೆ ಧೈರ್ಯ ಉಡುಗೀತು ಎಂಬ ಭಯಕ್ಕೆ ಇಲ್ಲೇ ಬರೆದಿಡುತ್ತೇನೆ: ಆ ಬೆನ್ನು ಕೆರಿಯಪ್ಪನದು.