ನೋಣಯ್ಯನ ಹಸಿರು ಕಣ್ಪಟ್ಟಿ

ಎಲ್ಲ ಶುರುವಾದದ್ದು ಬಣ್ಣದಿಂದ. ನೋಣಯ್ಯ ಅವತ್ತು ಸುಮ್ಮನೆ ಕಪ್ಪು ಬಣ್ಣದ್ದನ್ನು ತೆಗೆದುಕೊಂಡಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ಅವನ ಊರು ಸಿದ್ಧಕಟ್ಟೆಗೆ ಒಂದು ದಿನದ ಕೆಲಸವೂ ಸಿಗುತ್ತಿರಲಿಲ್ಲ.

ನೋಣಯ್ಯ ಮೂಡುಬಿದಿರೆ–ಬೆಂಗಳೂರು ರಾತ್ರಿ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಊರು ಮಲಗಿದಾಗ ಅವನಿಗೆ ಎಚ್ಚರ, ಊರು ಎದ್ದಾಗ ನಿದ್ದೆ. ಬಸ್ಸಿನ ಧನಿ ವಿಜಯರಾಜರು ಹಳೇ ಬಸ್ಸನ್ನು ಮಾರಿ ಹೊಸ ಸ್ಲೀಪರ್ ತಂದಿದ್ದರು. ಅದರ ಮೊದಲ ಟ್ರಿಪ್ ಇವತ್ತೇ ರಾತ್ರಿ ಎಂಟಕ್ಕೆ.

"ಸ್ಟಿಯರಿಂಗ್ ನಿನಗೇ ನೋಣಯ್ಯ," ಎಂದಿದ್ದರು ಧನಿ. "ಆದ್ರೆ ಒಂದು ವಿಷಯ ಉಂಟು. ಎದುರಿಗೆ ಕ್ಯಾಮರಾ ಇಟ್ಟಿದ್ದಾರೆ. ಡ್ರೈವರಿನ ಕಣ್ಣು ಮುಚ್ಚಿದ್ರೆ ಅದು ಬೊಬ್ಬೆ ಹಾಕ್ತದೆ, ನನ್ನ ಮೊಬೈಲಿಗೂ ಬರ್ತದೆ. ಮೂರು ಸಲ ಬೊಬ್ಬೆ ಹಾಕಿದ್ರೆ ಬಸ್ಸು ಸಂದೇಶನಿಗೆ. ಆಮೇಲೆ ನನ್ನ ಹತ್ತಿರ ಬೇಸರ ಮಾಡ್ಬಾರದು."

ಸಂದೇಶ್ ಅಂದರೆ ಬದಲಿ ಡ್ರೈವರ್. ಹಗಲಿನ ಲೋಕಲ್ ಬಸ್ಸು ಬಿಟ್ಟವನು. ಘಾಟಿಯನ್ನು ಕಿಟಕಿಯಿಂದ ಮಾತ್ರ ನೋಡಿದವನು. ಹೊಸ ಬಸ್ಸು ಅವನ ಕೈಗೆ ಹೋಗುವುದನ್ನು ನೆನೆದರೇ ನೋಣಯ್ಯನ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಹಳೇ ಬಸ್ಸಿನ ಕೊನೆಯ ಟ್ರಿಪ್ ಮುಗಿಸಿ, ಅದನ್ನು ಬೆಳಿಗ್ಗೆ ಬಿ.ಸಿ.ರೋಡಿನಲ್ಲೇ ಕೊಂಡವರಿಗೆ ಒಪ್ಪಿಸಿ, ಅವನು ಸೀದಾ ಇಬ್ರಾಹಿಂ ಖಲೀಲನ ಫ್ಯಾನ್ಸಿ ಅಂಗಡಿಗೆ ನುಗ್ಗಿದ. ಇವತ್ತು ಹಗಲು ಏಳು ಗಂಟೆ ನಿದ್ದೆ ಮಾಡಲೇಬೇಕು. ಕಣ್ಣಿಗೆ ಕಟ್ಟುವ ಪಟ್ಟಿಯೊಂದು ಬೇಕು.

"ಕಪ್ಪು ತೆಗೊಳ್ಳಿ ಅಣ್ಣ," ಎಂದ ಖಲೀಲ್. "ಸೂಜಿಯಷ್ಟೂ ಬೆಳಕು ಬರುವುದಿಲ್ಲ. ನಿನ್ನೆ ಒಬ್ಬರೇ ಮೂವತ್ತು ತೆಗೊಂಡು ಹೋದ್ರು."

"ಇವತ್ತು ಹೊಸ ಬಸ್ಸಿಗೆ ಪೂಜೆ ಮಾರಾಯ. ಕಣ್ಣಿಗೆ ಕಪ್ಪು ಬೇಡ."

ಖಲೀಲ್ ಇನ್ನೊಂದು ತೆಗೆದ. ಅದರ ಮೇಲೆ ಎರಡು ದೊಡ್ಡ ಕಣ್ಣು ಬರೆದಿತ್ತು. ಅದನ್ನು ಕಟ್ಟಿ ಜಗಲಿಯಲ್ಲಿ ಮಲಗಿದರೆ ಪೋಸ್ಟಿನವನು ಅಂಗಳಕ್ಕೆ ಕಾಲಿಡಲಿಕ್ಕಿಲ್ಲ ಎಂದು ನೋಣಯ್ಯನಿಗೆ ಅನಿಸಿತು. ಮೂರನೆಯದು ಗುಲಾಬಿ, ಸುತ್ತ ಲೇಸು. ಅದನ್ನು ಇಬ್ಬರೂ ಮಾತಾಡದೆ ಪಕ್ಕಕ್ಕಿಟ್ಟರು. ನಾಲ್ಕನೆಯದರೊಳಗೆ ಜೆಲ್ಲು.

"ಇದನ್ನು ಫ್ರಿಜ್ಜಿನಲ್ಲಿಟ್ಟು ಹಾಕ್ಬೇಕು. ತಂಪು."

"ನಮ್ಮ ಫ್ರಿಜ್ಜಿನಲ್ಲಿ ಬಂಗುಡೆ ಮೀನು ಉಂಟು. ಬೇಡ."

ಐದನೆಯದು ಹಸಿರು. "ಕಣ್ಣಿಗೆ ಹಸಿರು ಒಳ್ಳೇದು. ಒಳಗೆ ಗುಂಡಿ ಮಾಡಿದ್ದಾರೆ ನೋಡಿ, ರೆಪ್ಪೆಗೆ ತಾಗುವುದಿಲ್ಲ. ಎಲಾಸ್ಟಿಕ್ಕೂ ಕಿವಿ ಎಳೆಯುವುದಿಲ್ಲ," ಎಂದ ಖಲೀಲ್. ನೋಣಯ್ಯ ಅಲ್ಲೇ ಕಟ್ಟಿ ನೋಡಿದ. ಒಳಗಿನ ಕತ್ತಲು ಎಷ್ಟು ಚೆಂದವಿತ್ತೆಂದರೆ "ಅಣ್ಣ, ಇಲ್ಲಿ ಮಲಗ್ಬೇಡಿ, ಗಿರಾಕಿ ಬರುವ ಹೊತ್ತು" ಎಂದು ಖಲೀಲ್ ಭುಜ ಅಲ್ಲಾಡಿಸಬೇಕಾಯಿತು.

ಆಯ್ಕೆಯೇನೋ ಒಳ್ಳೆಯದೇ. ಆದರೆ ಹೋದ ತಿಂಗಳು ಸಿದ್ಧಕಟ್ಟೆಯಲ್ಲಿ ಒಂದು ಉಚಿತ ಕಣ್ಣಿನ ಶಿಬಿರ ನಡೆದಿತ್ತು. ಪೊರೆ ತೆಗೆಸಿಕೊಂಡ ಹನ್ನೊಂದು ಮಂದಿ ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ವ್ಯಾನಿನಿಂದ ಇಳಿದದ್ದನ್ನು ಊರೇ ನಿಂತು ನೋಡಿತ್ತು. ರಾತ್ರಿಯ ಡ್ರೈವರಿಗೆ ಊರಿನ ಇಂಥ ಹಗಲಿನ ಸಂಗತಿ ಯಾವುದೂ ಗೊತ್ತಿರುವುದಿಲ್ಲ.

ಅವನು ಮನೆಗೆ ಬಂದಾಗ ಹೆಂಡತಿ ಪದ್ಮಾಕ್ಷಿ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದಳು. ಶೀಟು ಹೊದಿಸಿದ ಮಾಡಿನ ಕೋಣೆ ಹತ್ತು ಗಂಟೆಗೇ ಕಾದಿತ್ತು. ನೋಣಯ್ಯ ಜಗಲಿಯ ಬೆಂಚಿನ ಮೇಲೆ ಉದ್ದಕ್ಕೆ ಬಿದ್ದು, ಹಸಿರು ಪಟ್ಟಿ ಎಳೆದುಕೊಂಡು, ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಹತ್ತೂ ಕಾಲಿಗೆ ಪಕ್ಕದ ಮನೆಯ ಸುಬ್ಬಪ್ಪ ಬೇಲಿಯಾಚೆಯಿಂದ ನೋಡಿದರು. ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಅವರೂ ಒಬ್ಬರು. ಅಂದಿನಿಂದ ಊರಿನ ಎಲ್ಲರ ಕಣ್ಣೂ ತನ್ನ ಜವಾಬ್ದಾರಿ ಎಂದುಕೊಂಡಿದ್ದರು.

"ನೋಣಯ್ಯಾ! ಎರಡೂ ಕಣ್ಣು ಒಟ್ಟಿಗೆ ಮಾಡಿಸಿದ್ಯಾ ಮಾರಾಯ? ನನಗೆ ಒಂದೇ ಮಾಡಿದ್ದು."

ನೋಣಯ್ಯ ದಡಬಡಿಸಿ ಎದ್ದು ಪಟ್ಟಿ ತೆಗೆದ.

"ತೆಗೀಬೇಡ, ತೆಗೀಬೇಡ! ಗಾಳಿ ತಾಗ್ಬಾರದು! ಅಯ್ಯೋ ದೇವರೇ, ಎಷ್ಟು ಕೆಂಪಾಗಿದೆ!"

"ಅದು ನಿದ್ದೆ ಇಲ್ಲದೆ ಕೆಂಪಾದದ್ದು. ಇದು ಬರೇ ನಿದ್ದೆಗೆ ಕಟ್ಟುವ ಪಟ್ಟಿ ಸುಬ್ಬಪ್ಪಣ್ಣ. ಖಲೀಲನ ಅಂಗಡಿಯದ್ದು."

ಸುಬ್ಬಪ್ಪ ಹತ್ತಿರ ಬಂದು ಧ್ವನಿ ತಗ್ಗಿಸಿದರು. "ಹೌದೌದು, ನಿದ್ದೆಗೆ. ಡ್ರೈವರಿನ ಕಣ್ಣಿನ ವಿಷಯ ಧನಿಗೆ ಗೊತ್ತಾಗ್ಬಾರದು, ಅಲ್ವಾ? ನಾನು ಯಾರ ಹತ್ತಿರವೂ ಹೇಳುವುದಿಲ್ಲ."

ಅವರು ಮಾತಿಗೆ ತಪ್ಪಲಿಲ್ಲ ಎನ್ನಬೇಕು. ಯಾರ ಹತ್ತಿರವೂ ಹೇಳಬಾರದು ಎಂಬುದನ್ನು ಪ್ರತಿಯೊಬ್ಬರಿಗೂ ಹೇಳಿಯೇ ಮುಂದೆ ಹೋದರು.

ಹನ್ನೊಂದಕ್ಕೆ ಸುದ್ದಿ ಬೀಡಿ ಬ್ರಾಂಚಿಗೆ ತಲುಪಿತು. ಸಾಲಿನಲ್ಲಿ ನಿಂತಿದ್ದ ಪದ್ಮಾಕ್ಷಿ ಬೀಡಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು, ರಸ್ತೆಯುದ್ದಕ್ಕೂ ಅಳುತ್ತಾ ಓಡಿಬಂದಳು. ಅದುವರೆಗೆ ಸಂಶಯದಲ್ಲಿದ್ದವರೂ ಅವಳ ಅಳು ಕಂಡು ನಂಬಿದರು.

"ಕಟ್ಟಿಕೊಂಡ ಹೆಂಡತಿಗೆ ಹೇಳದೆ ಆಪರೇಷನ್ ಮಾಡಿಸಿಕೊಂಡಿದ್ದೀರಲ್ಲ! ನಾನೇನು ಸತ್ತಿದ್ದೇನಾ?"

ಆಪರೇಷನ್ ಆಗಿಲ್ಲ ಎಂದು ಅವಳಿಗೆ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಒಪ್ಪಿದ ಮೇಲೆ, ಸುಮ್ಮನೆ ಓಡಿಸಿದ್ದಕ್ಕೆ ಬೈಯಲು ಇನ್ನರ್ಧ ಗಂಟೆ ಹಿಡಿಯಿತು.

ಅಷ್ಟರಲ್ಲಿ ಜನ ಬರತೊಡಗಿದರು. ಈ ಕಡೆಯ ಮರ್ಯಾದೆ ಹಾಗೆ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು; ಹೋದ ಮೇಲೆ ಅವರ ಬಾಯಿಂದಲೇ 'ಪರವಾಗಿಲ್ಲ' ಎಂಬ ಮಾತು ಕೇಳದೆ ತಿರುಗಿ ಬರಬಾರದು. ಒಬ್ಬೊಬ್ಬರೂ ಬ್ರೆಡ್ಡೋ ಮುಸುಂಬಿಯೋ ತಂದು, ನೋಣಯ್ಯನನ್ನು ಎಬ್ಬಿಸಿ, "ಹೇಗಿದ್ದೀರಿ?" ಎಂದು ಕೇಳಿ, 'ಪರವಾಗಿಲ್ಲ' ಅನ್ನಿಸಿಕೊಂಡು, "ಹಾಗಾದ್ರೆ ನೀವು ಮಲಗಿ" ಎಂದು ಅಲ್ಲೇ ಕೂತು ಮಾತಾಡಿದರು.

"ನನಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ!" ಎಂದು ನೋಣಯ್ಯ ಕೂಗಿದರೆ, "ಧೈರ್ಯ ಉಂಟು ಪಾಪ," ಎಂದರು.

ಹನ್ನೆರಡಕ್ಕೆ ಸಂದೇಶ್ ಬೈಕಿನಲ್ಲಿ ಬಂದ, ನಾಲ್ಕು ಎಳನೀರಿನ ಬೊಂಡ ತಂದಿದ್ದ. "ನೋಣಯ್ಯಣ್ಣ, ನೀವು ಮಲಗಿ. ಬರುವವರನ್ನು ನಾನು ನೋಡಿಕೊಳ್ತೇನೆ," ಎಂದು ಮೆಟ್ಟಿಲಲ್ಲಿ ಕೂತ. ಮನಸ್ಸು ಒಳ್ಳೆಯದೇ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಜನ ಕರೆದು ಪಳಗಿದ ಗಂಟಲು. "ಮೆಲ್ಲ ಬನ್ನಿ, ಮಲಗಿದ್ದಾರೆ!" ಎಂದು ಅವನು ಕೂಗಿದಾಗೆಲ್ಲ ನೋಣಯ್ಯ ಬೆಂಚಿನಿಂದ ಒಂದು ಗೇಣು ಮೇಲೆ ಹಾರುತ್ತಿದ್ದ.

ಎರಡು ಗಂಟೆಗೆ ಧನಿಯ ಫೋನು ಬಂತು.

"ಎಂತ ನೋಣಯ್ಯ, ಕಣ್ಣಿನ ಆಪರೇಷನ್ ಮಾಡಿಸಿ ಬಸ್ಸು ಬಿಡ್ತೇನೆ ಅಂತೀಯಾ?"

"ಇಲ್ಲ ಧನೀ! ದೇವರಾಣೆ ಇಲ್ಲ! ಅದು ನಿದ್ದೆಯ ಪಟ್ಟಿ!"

"ಆಣೆ ಬೇಡ. ಕಣ್ಣಿನ ಡಾಕ್ಟ್ರ ಚೀಟಿ ತಾ. ಚೀಟಿ ಇಲ್ಲದೆ ನಿನಗೆ ಸ್ಟಿಯರಿಂಗ್ ಇಲ್ಲ."

ಸಂದೇಶನೇ ಬೈಕಿನ ಹಿಂದೆ ಕೂರಿಸಿಕೊಂಡು ಮೂಡುಬಿದಿರೆಗೆ ಕರೆದುಕೊಂಡು ಹೋದ. ಕ್ಲಿನಿಕ್ಕಿನಲ್ಲಿ ನರ್ಸು ಎರಡೂ ಕಣ್ಣಿಗೆ ಮೂರು ಮೂರು ಸಲ ಮದ್ದು ಬಿಟ್ಟಳು. ಡಾಕ್ಟರಮ್ಮ ಕಣ್ಣಿನೊಳಗೆ ಟಾರ್ಚು ಹಾಕಿ ಮೂಲೆಮೂಲೆ ಹುಡುಕಿದರು.

"ಪೊರೆ ಇಲ್ಲ, ಎಂತದೂ ಇಲ್ಲ. ಈ ಪ್ರಾಯಕ್ಕೆ ಇಂಥ ಕಣ್ಣು ನಾನು ನೋಡೇ ಇಲ್ಲ," ಎಂದರು.

ನೋಣಯ್ಯನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಅದನ್ನೇ ಬರೆದು ಕೊಡಿ ಡಾಕ್ಟ್ರೆ. ಎಂಟು ಗಂಟೆಗೆ ಬಸ್ಸು ಬಿಡ್ಲಿಕ್ಕುಂಟು."

"ಇವತ್ತಾ?" ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. "ಇವತ್ತು ಆಗುವುದಿಲ್ಲ. ಈ ಮದ್ದು ಇಳಿಯುವವರೆಗೆ ಹತ್ತಿರದ್ದೆಲ್ಲ ಮಸುಕು ಮಸುಕು. ಎದುರಿನ ಗಾಡಿಯ ಲೈಟಂತೂ ತಡೀಲಿಕ್ಕೇ ಆಗ್ಲಿಕ್ಕಿಲ್ಲ. ನಾಳೆ ಬೆಳಿಗ್ಗೆವರೆಗೆ ಸ್ಟಿಯರಿಂಗ್ ಮುಟ್ಟಬೇಡಿ." ಚೀಟಿಯಲ್ಲಿ ಎರಡನ್ನೂ ಬರೆದರು.

ಧನಿ ಹೊಸ ಬಸ್ಸಿನ ಎದುರು ನಿಂತು ಚೀಟಿ ಓದಿದರು. ಬಸ್ಸಿಗೆ ಚೆಂಡು ಹೂವಿನ ಮಾಲೆ ಹಾಕಿತ್ತು. ನೋಣಯ್ಯನಿಗೆ ಹಳದಿ ಮೋಡ ಕಂಡಿತು.

"ಕಣ್ಣು ಒಳ್ಳೇದುಂಟು, ಸಂತೋಷ. ಇವತ್ತು ಸಂದೇಶ ಬಿಡ್ಲಿ," ಎಂದರು ಧನಿ.

ನೋಣಯ್ಯನಿಗೆ ಅಳು ಬಂತು. ಆದರೆ ಅದರ ಹಿಂದೆಯೇ ಒಂದು ಸಮಾಧಾನವೂ ಬಂತು. ಹೋದರೆ ಹೋಗಲಿ, ಮನೆಗೆ ಹೋಗಿ ಬೆಳಗಾಗುವವರೆಗೆ ಮಲಗಬಹುದು. ಅವನು ಕಿಸೆಯಲ್ಲಿದ್ದ ಹಸಿರು ಪಟ್ಟಿಯನ್ನು ಮುಟ್ಟಿ ನೋಡಿಕೊಂಡು ಹೊರಟ.

"ಎಲ್ಲಿಗೆ?" ಎಂದರು ಧನಿ. "ಸಂದೇಶನಿಗೆ ಘಾಟಿಯ ದಾರಿ ಗೊತ್ತಿಲ್ಲ. ಆ ಕ್ಯಾಮರಾ ಕೆಲಸ ಮಾಡುವುದಿಲ್ಲ, ಅದರವನೂ ಕೈಕೊಟ್ಟ, ನಾಳೆ ಬಂದು ಸರಿ ಮಾಡ್ತಾನಂತೆ. ನೀನು ಪಕ್ಕದಲ್ಲಿ ಕೂತ್ಕೋ. ತಿರುವು ತಿರುವಿಗೆ ದಾರಿ ಹೇಳು. ಅವನ ಕಣ್ಣು ಮುಚ್ತದಾ ಅಂತ ನೋಡ್ತಾ ಇರು."

"ನನಗೆ ಕಾಣುವುದಿಲ್ಲ ಧನೀ!"

"ದಾರಿ ನಿನಗೆ ಬಾಯಿಪಾಠ. ಕಣ್ಣು ಕಾಣದಿದ್ರೆ ಮಾತಾಡಿಸ್ತಾ ಇರು, ಉತ್ತರ ಬಾರದಿದ್ರೆ ಮಲಗಿದ ಅಂತ ಅರ್ಥ."

ಎಂಟಕ್ಕೆ ಬಸ್ಸು ಹೊರಟಿತು. ಸ್ಟಿಯರಿಂಗ್ ಹಿಡಿದ ಸಂದೇಶ್ ಮೊದಲ ತಿರುವಿನಲ್ಲೇ ದವಡೆ ಕಳಚುವಂತೆ ಆಕಳಿಸಿದ.

"ಎಂತ ಮಾರಾಯ, ಈಗಲೇ?"

"ಎಂತ ಮಾಡುವುದು ನೋಣಯ್ಯಣ್ಣ, ಬೆಳಿಗ್ಗೆ ನಾಲ್ಕಕ್ಕೆ ಎದ್ದವ ನಾನು. ಮಧ್ಯಾಹ್ನ ಸ್ವಲ್ಪ ಮಲಗುವ ಅಂತಿದ್ದೆ. ಆದ್ರೆ ನಿಮ್ಮನ್ನು ನೋಡ್ಲಿಕ್ಕೆ ಬಂದು ಅಲ್ಲೇ ಕೂತುಬಿಟ್ಟೆನಲ್ಲ!"

ನೋಣಯ್ಯ ಮಸುಕು ಕಣ್ಣುಗಳನ್ನು ಅಗಲಿಸಿ, ಅವನ ಮುಖದ ಹತ್ತಿರ ಮುಖ ತಂದು ಕೂತ. ಹಿಂದಿನ ಬರ್ತುಗಳಲ್ಲಿ ಪ್ರಯಾಣಿಕರು, ಮೊದಲ ಟ್ರಿಪ್ಪಿನ ಉಡುಗೊರೆಯೆಂದು ಧನಿ ಇಟ್ಟಿದ್ದ ಕಣ್ಪಟ್ಟಿಗಳನ್ನು ಕಟ್ಟಿಕೊಂಡು ಒಬ್ಬೊಬ್ಬರಾಗಿ ಒರಗುತ್ತಿದ್ದರು. ಒಟ್ಟು ಮೂವತ್ತು. ಎಲ್ಲವೂ ಕಪ್ಪು.