ನಾಲ್ಕೆಳೆ ಬಾಲದ ಕೂದಲು

ಕೆಂಚಾರ್ಲಹಳ್ಳಿಯ ಮುನಿಗಂಗಪ್ಪನಿಗೆ ಒಳ್ಳೆಯ ಹಸು ಕೊಟ್ಟಿದ್ದ ದೇವರು ಧೈರ್ಯ ಕೊಟ್ಟಿರಲಿಲ್ಲ. ಹಾಲಿನ ವಂಶಗುಣ ಪರೀಕ್ಷಿಸಲು ಬಂದ ಡಾಕ್ಟರಮ್ಮ ಶ್ರೀವಿದ್ಯಾ ಮನೆಗೊಂದು ಕವರ್ ಹಂಚಿ, ಹಸುವಿನ ಬಾಲದ ಕೂದಲನ್ನು ಬುಡಸಮೇತ ಕಿತ್ತು ಕೊಡಿ ಎಂದಾಗ ಅವನ ಎದೆ ಧಸಕ್ಕೆಂದಿತು. ಊರಿಗೇ ಹೆಚ್ಚು ಹಾಲು ಕೊಡುವ ತನ್ನ ಹಸು ಗಂಗೆಯ ಕೂದಲು ಕಂಡವರ ಕೈಗೆ ಹೋದರೆ ದೃಷ್ಟಿ ತಾಕದೆ ಬಿಟ್ಟೀತೇ? ಪಕ್ಕದ ಮನೆಯ ಚಲಪತಿಯ ಬಡಕಲು ಹಸುವಿನ ಬಾಲದಿಂದ ನಾಲ್ಕೆಳೆ ಕಿತ್ತು ಕವರಿಗೆ ತುಂಬಿ, ಡೈರಿಗೆ ಕೊಟ್ಟುಬರಲು ಹೆಂಡತಿ ಮಂಗಮ್ಮನ ಕೈಗಿತ್ತ.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಡಾಕ್ಟರಮ್ಮ ಡೈರಿಯ ಮುಂದೆ ಎಲ್ಲರೆದುರು ಹೇಳಿದರು: “ಮುನಿಗಂಗಪ್ಪನವರ ಹಸುವಿನ ಜೀನ್‌ನಲ್ಲಿ ಹಾಲಿನ ಅಪರೂಪದ ಗುರುತುಗಳಿವೆ. ನಾಳೆ ಬಂದು ಕಿವಿಗೆ ಗುರುತಿನ ಓಲೆ ಹಾಕ್ತೀವಿ. ಇನ್ನು ಅದರ ಕರುಗಳೆಲ್ಲ ತಳಿ ಕೇಂದ್ರಕ್ಕೆ ಬೇಕು.”

ಜನ ಚಪ್ಪಾಳೆ ತಟ್ಟಿದರು. ಮುನಿಗಂಗಪ್ಪ ಬೆವರಿದ. ಚಲಪತಿಯ ಹಸುವಿನ ಆ ಬಡಕಲು ಮೈಯಲ್ಲಿ ಇಂಥ ಭಾಗ್ಯವೇ? ನಾಳೆಯೊಳಗೆ ಅದು ತನ್ನ ಕೊಟ್ಟಿಗೆಯಲ್ಲಿರಬೇಕು. ನೇರವಾಗಿ ಪಕ್ಕದ ಮನೆಗೆ ನಡೆದ.

“ಚಲಪತಿ, ಹಸು ಅದ್ಲುಬದ್ಲು ಮಾಡ್ಕೊಳಣ ಕಣೋ.”

“ಏಮಯ್ಯಾ, ತಲೆ ನೆಟ್ಟಗೈತಾ? ಈಗ್ತಾನೆ ಚಪ್ಪಾಳೆ ಹೊಡೆಸ್ಕೊಂಡ್ ಬಂದಿದ್ದೀಯ!”

“ಗಂಗೆ ಬೆನ್ನ ಮೇಲಿನ ಸುಳಿ ನಮ್ಮನೆಗೆ ಆಗ್ಬರಲ್ಲಪ್ಪ.”

ಸುಳಿ ಎಂದ ಮೇಲೆ ಎದುರು ಮನೆಯ ನಲ್ಲಪ್ಪ ಸುಮ್ಮನಿದ್ದಾನೆಯೇ? ಊರ ದನಗಳ ಸುಳಿಗೆಲ್ಲ ಅವನೇ ನ್ಯಾಯಾಧೀಶ. ಕನ್ನಡಕ ಏರಿಸಿಕೊಂಡು ಬಂದು ಗಂಗೆಯನ್ನು ಸುತ್ತು ಹಾಕಿದ.

“ನಿಜ ಕಣಪ್ಪ, ಪೂರ್ವದ ಬಾಗಿಲ ಮನೆಗೆ ಈ ಸುಳಿ ಆಗಲ್ಲ. ಚಲಪತೀದು ಉತ್ತರದ ಬಾಗ್ಲು, ಭಯ ಇಲ್ಲ. ಆದ್ರೆ ಕರುನೂ ಜೊತೇಲೇ ಹೋಗ್ಬೇಕು, ಇಲ್ಲಾಂದ್ರೆ ದೋಷ ಬಿಡಲ್ಲ.”

ತಾನೇ ಹೇಳಿದ ಸುಳ್ಳಿಗೆ ಮುನಿಗಂಗಪ್ಪ ಕರುವನ್ನೂ ತೆತ್ತ. ಹಗ್ಗ ಕೈ ಬದಲಾದಾಗ ಗಂಗೆ ಒಮ್ಮೆ ತಿರುಗಿ ನೋಡಿತು. ಅವನು ಬಡಕಲು ಹಸುವನ್ನು ತನ್ನ ಕೊಟ್ಟಿಗೆಗೆ ಎಳೆದುಕೊಂಡು ಹೋದ.

ಸಂಜೆ ಚಿಂತಾಮಣಿ ಪೇಟೆಯಿಂದ ಬಂದ ಮಂಗಮ್ಮ ಕೊಟ್ಟಿಗೆ ನೋಡಿ ಕಿರುಚಿದಳು. ಅವನು ಬಾಗಿಲು ಹಾಕಿ, ಕೂದಲಿನಿಂದ ಹಿಡಿದು ಕರುವಿನವರೆಗೆ ಎಲ್ಲವನ್ನೂ ಪಿಸುಗುಟ್ಟಿದ. ಅವಳು ಹಣೆ ಚಚ್ಚಿಕೊಂಡಳು.

“ಅಯ್ಯೋ, ಅವತ್ತು ನೀನು ಅವರ ಹಸು ಬಾಲಕ್ಕೆ ಕೈ ಹಾಕಿದ್ದು ನೋಡಿದ್ದೆ ಕಣಯ್ಯಾ. ದೃಷ್ಟಿ ಬಿದ್ದು ಅದರ ಹಾಲು ಬತ್ತಿದ್ರೆ ಆ ಪಾಪ ನಮಗ್ಯಾಕೆ ಅಂತ, ಆ ಕೂದ್ಲು ತಿಪ್ಪೆಗೆಸೆದು ಗಂಗೇದೇ ಕಿತ್ತು ಕೊಟ್ಟಿದ್ದೆ!”

ಗೋಡೆಯಾಚೆ ಬಕೆಟ್ಟಿಗೆ ಹಾಲು ಬೀಳುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಅದು ನಿಂತ ಮೇಲೆ ಚಲಪತಿಯ ಹೆಂಡತಿ ಅಶ್ವತ್ಥಮ್ಮ ತುಂಬಿದ ಚೊಂಬು ಹಿಡಿದು ಬಂದಳು.

“ನಿಮ್ಮನೇಲಿ ಕಾಫಿಗೆ ಹಾಲಿರಲ್ಲ ಪಾಪ ಅಂತ ತಂದೆ. ಅಲ್ಲಣ್ಣ, ಗಂಗೆಗೆ ದೃಷ್ಟಿ ತಾಕ್ದಂಗೆ ಇಷ್ಟು ದಿನ ಏನ್ ಮಾಡ್ತಿದ್ದೆ? ನಮಗೂ ಒಸಿ ಹೇಳ್ಕೊಡು.”